ಬಾಗಿಲ ಮೇಲಿನ ಸೀಮೆಸುಣ್ಣದ ಗುರುತು

ಪಲ್ಸ್ ಪೋಲಿಯೊ ತಂಡದವರು ಮನೆಮನೆಗೆ ಬಂದು ಹೋದ ಮೇಲೆ ಬಾಗಿಲ ಪಕ್ಕದಲ್ಲಿ ಸೀಮೆಸುಣ್ಣದ ಒಂದು ಗುರುತು ಉಳಿಯುತ್ತದೆ. ಮನೆಯ ಎಲ್ಲ ಮಕ್ಕಳಿಗೂ ಹನಿ ಹಾಕಿ ಆಗಿದ್ದರೆ ಇಂಗ್ಲಿಷಿನ ‘ಪಿ’ ಅಕ್ಷರ. ಒಂದು ಮಗುವಾದರೂ ತಪ್ಪಿಹೋಗಿದ್ದರೆ ‘ಎಕ್ಸ್’. ಮನೆಯವರೇ ಬೇಡವೆಂದಿದ್ದರೆ ಆ ಎಕ್ಸಿನ ಪಕ್ಕದಲ್ಲಿ ‘ಆರ್’ ಎಂಬ ಇನ್ನೊಂದು ಅಕ್ಷರ. ನಿರಾಕರಣೆ ಎಂದು ಅದರರ್ಥ. ಸಂಜೆಯ ಹೊತ್ತಿಗೆ ಈ ಗುರುತುಗಳನ್ನೆಲ್ಲ ಕೂಡಿಸಿದರೆ ಆ ದಿನದ ಲೆಕ್ಕ ಮುಗಿಯಿತು. ಎಷ್ಟು ಎಕ್ಸ್ ಮನೆಗಳು ಪಿ ಮನೆಗಳಾದವು ಎಂಬುದೇ ಯಶಸ್ಸಿನ ಅಳತೆಗೋಲು.

2000ದ ದಶಕದಲ್ಲಿ ಪಶ್ಚಿಮ ಉತ್ತರ ಪ್ರದೇಶದ ಮೊರಾದಾಬಾದ್, ಬದಾಯೂಂ, ಬರೇಲಿ, ಮುಜಫ್ಫರ್‌ನಗರಗಳ ಮುಸ್ಲಿಂ ಮೊಹಲ್ಲಾಗಳಲ್ಲಿ ಈ ಎಕ್ಸ್ ಗುರುತುಗಳು ಎದ್ದು ಕಂಡವು. ಅಷ್ಟೇ ಸಾಕಾಯಿತು. ಮುಸ್ಲಿಮರು ಲಸಿಕೆ ಬೇಡವೆನ್ನುತ್ತಾರೆ, ಅದಕ್ಕೇ ದೇಶದಿಂದ ಪೋಲಿಯೊ ತೊಲಗುತ್ತಿಲ್ಲ ಎಂಬ ಮಾತು ಪತ್ರಿಕೆಗಳ ಪುಟಗಳಿಂದ ಚಹದಂಗಡಿಯ ಬೆಂಚಿನವರೆಗೆ ಹರಿದುಬಂತು. ಮುಂದೆ 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ನೀಡಿತು. ಆಗ ಮಾತು ಸ್ವಲ್ಪ ಬದಲಾಯಿತು. ಕೊನೆಗೂ ಮುಸ್ಲಿಮರ ಮನವೊಲಿಸಲಾಯಿತು, ಅದಕ್ಕೇ ಗೆದ್ದೆವು ಎಂದು ಹೇಳತೊಡಗಿದರು. ಬೈಗುಳ ಹೊಗಳಿಕೆಯಾಯಿತು, ನಿಜ. ಆದರೆ ಎರಡೂ ಮಾತುಗಳ ಬುಡದಲ್ಲಿರುವ ತಿಳಿವಳಿಕೆ ಒಂದೇ. ರೋಗವಿದ್ದದ್ದು ಮುಸ್ಲಿಮರ ತಲೆಯಲ್ಲಿ, ಅದನ್ನು ಸರಿಪಡಿಸಿದ್ದರಿಂದ ಮಕ್ಕಳ ಕಾಲು ಉಳಿಯಿತು ಎಂಬುದೇ ಆ ತಿಳಿವಳಿಕೆ.

ಇದನ್ನು ನಾವು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಸಮುದಾಯದ ಅಭಿಮಾನ ಕಾರಣವಲ್ಲ. ಈ ತಿಳಿವಳಿಕೆ ತಪ್ಪು. ತಪ್ಪು ತಿಳಿವಳಿಕೆಯಿಂದ ಕಲಿತ ಪಾಠ ಮುಂದಿನ ರೋಗಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಬಂದಿಲ್ಲ ಎಂಬುದನ್ನು ಆಮೇಲಿನ ವರ್ಷಗಳಲ್ಲಿ ನೋಡಿಯೂ ಆಗಿದೆ.

ಮೊದಲು ನಮ್ಮ ಮನೆಯ ಅಂಗಳವನ್ನೇ ಗುಡಿಸೋಣ. 2002ರಲ್ಲಿ ದೇಶದಲ್ಲಿ ಸುಮಾರು 1,600 ಮಕ್ಕಳಿಗೆ ಪೋಲಿಯೊ ತಗುಲಿತು. ಅವರಲ್ಲಿ ಮುಕ್ಕಾಲು ಪಾಲು ಉತ್ತರ ಪ್ರದೇಶದ ಮಕ್ಕಳು. ಆ ರಾಜ್ಯದ ಜನಸಂಖ್ಯೆಯಲ್ಲಿ ಐದರಲ್ಲೊಂದು ಪಾಲೂ ಇಲ್ಲದ ಮುಸ್ಲಿಮರ ಮಕ್ಕಳೇ ರೋಗಕ್ಕೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚಿದ್ದರು. ಹನಿ ಹಾಕಿಸಿದರೆ ಗಂಡುಮಕ್ಕಳು ನಪುಂಸಕರಾಗುತ್ತಾರೆ, ನಮ್ಮ ಸಂತತಿ ಕಡಿಮೆ ಮಾಡಲು ಇದೊಂದು ಸಂಚು ಎಂಬ ವದಂತಿ ಗಲ್ಲಿಗಲ್ಲಿಯಲ್ಲೂ ಓಡಾಡಿತು. ಕೆಲವು ಮೌಲ್ವಿಗಳು ಅದಕ್ಕೆ ದನಿಗೂಡಿಸಿದರು. ಅವರಿಗಿಂತ ಹೆಚ್ಚು ಮಂದಿ, ತಿಳಿದವರು, ಓದಿದವರು, ಬಾಯಿಮುಚ್ಚಿ ಕುಳಿತರು. ಒಂದು ಜೀವ ಉಳಿಸಿದರೆ ಇಡೀ ಮನುಕುಲವನ್ನು ಉಳಿಸಿದಂತೆ ಎಂದು ಕಲಿಸುವ ಧರ್ಮದವರು ನಾವು. ಮಗುವಿನ ಕಾಲಿನ ಪ್ರಶ್ನೆ ಬಂದಾಗ ಖುತ್ಬಾದಲ್ಲಿ ಒಂದು ಮಾತು ಆಡಲು ಎಷ್ಟೋ ಮಸೀದಿಗಳಿಗೆ ವರ್ಷಗಳು ಬೇಕಾದವು. ಇದನ್ನು ಮುಚ್ಚಿಟ್ಟು ಬೇರೆಯವರ ಕಡೆ ಬೆರಳು ತೋರಿಸುವುದು ಅಪ್ರಾಮಾಣಿಕತೆ.

ಆದರೆ ವದಂತಿ ಆಕಾಶದಿಂದ ಬೀಳುವುದಿಲ್ಲ. 1976–77ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ಮಾಸ್ತರರಿಗೆ ಇಷ್ಟು, ತಹಸೀಲ್ದಾರರಿಗೆ ಇಷ್ಟು ಎಂದು ಗುರಿ ನಿಗದಿಯಾಗಿತ್ತು. ದೆಹಲಿಯ ತುರ್ಕ್‌ಮಾನ್ ಗೇಟಿನಲ್ಲಿ 1976ರ ಏಪ್ರಿಲಿನಲ್ಲಿ ಮನೆಗಳನ್ನು ಕೆಡವಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಜಫ್ಫರ್‌ನಗರದಲ್ಲಿ ಬಲವಂತದ ಸಂತಾನಹರಣವನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಇಪ್ಪತ್ತೈದು ವರ್ಷಗಳ ಮೇಲೆ ಅದೇ ಮುಜಫ್ಫರ್‌ನಗರದ ಬಾಗಿಲಿಗೆ ಅದೇ ಸರ್ಕಾರದ ನೌಕರ ಔಷಧಿಯ ಡಬ್ಬಿ ಹಿಡಿದು ಬಂದಾಗ, ಒಳಗಿದ್ದ ಅಜ್ಜನಿಗೆ ಏನು ನೆನಪಾಗಿರಬಹುದು? ಹನಿಯ ಬಗ್ಗೆ ಅವನ ತೀರ್ಮಾನ ತಪ್ಪು, ನಿಸ್ಸಂದೇಹವಾಗಿ ತಪ್ಪು. ಆದರೆ ಅವನ ನೆನಪು ಸುಳ್ಳಲ್ಲ. ಗೋಡೆಯ ಮೇಲಿನ ‘ಆರ್’ ಎಂಬ ಅಕ್ಷರದಲ್ಲಿ ಈ ನೆನಪಿಗೆ ಜಾಗವಿರಲಿಲ್ಲ.

ಇನ್ನೊಂದು ಸಂಗತಿಗೂ ಜಾಗವಿರಲಿಲ್ಲ. ಆ ಜಿಲ್ಲೆಗಳಲ್ಲಿ ವರ್ಷಕ್ಕೆ ಎಂಟು, ಹತ್ತು ಸಲ ಹನಿಯ ಸುತ್ತು ನಡೆಯುತ್ತಿತ್ತು. ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲ, ಚರಂಡಿಯಿಲ್ಲ, ಕೈಪಂಪಿನ ಪಕ್ಕದಲ್ಲೇ ಕೊಳಚೆ ನಿಂತಿದೆ. ಮಗುವಿಗೆ ಭೇದಿ ಹತ್ತಿ ಕಣ್ಣು ಗುಳಿಬಿದ್ದ ದಿನ ಯಾರೂ ಬರುವುದಿಲ್ಲ. ಏನೂ ಆಗದೆ ಆಡಿಕೊಂಡಿರುವ ಮಗುವಿಗೆ ಎರಡು ಹನಿ ಹಾಕಲು ಮಾತ್ರ ತಿಂಗಳು ತಿಂಗಳೂ ಬರುತ್ತಾರೆ. ಯಾಕೆ ಇಷ್ಟು ಪ್ರೀತಿ ಎಂದು ತಾಯಿ ಕೇಳಿದರೆ ಅದು ಅಜ್ಞಾನವೇ? ನಮ್ಮ ದೃಷ್ಟಿಯಲ್ಲಿ ಅದು ಆ ಇಡೀ ವ್ಯವಹಾರದಲ್ಲಿ ಕೇಳಬೇಕಾಗಿದ್ದ ಅತ್ಯಂತ ಬುದ್ಧಿವಂತ ಪ್ರಶ್ನೆ. ರಸ್ತೆ ಹಾಕಿಸಿ, ಚರಂಡಿ ತೆಗೆಸಿ, ಆಮೇಲೆ ಹನಿ ಹಾಕಿ ಎಂದು ಹಟ ಹಿಡಿದ ಊರುಗಳೂ ಇದ್ದವು. ಅಂಥ ಕಡೆ ಹನಿ ಬೇಡವೆನ್ನುವುದು ಬಡವರ ಕೈಯಲ್ಲಿ ಉಳಿದಿದ್ದ ಒಂದೇ ಅರ್ಜಿಯಾಗಿತ್ತು. ಸರ್ಕಾರಕ್ಕೆ ಅವರಿಂದ ಏನಾದರೂ ಬೇಕಾಗಿದ್ದದ್ದು ಅದೊಂದೇ ತಾನೆ?

ಆ ತಾಯಿಯ ಪ್ರಶ್ನೆಗೆ ವಿಜ್ಞಾನವೂ ದನಿಗೂಡಿಸಿತು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಉತ್ತರ ಪ್ರದೇಶದಲ್ಲಿ ಪೋಲಿಯೊ ತಗುಲಿದ ಮಕ್ಕಳೆಲ್ಲ ನಿರಾಕರಿಸಿದ ಮನೆಯವರಲ್ಲ. ಹಲವು ಸಲ ಹನಿ ಹಾಕಿಸಿಕೊಂಡ ಮಕ್ಕಳ ಕಾಲುಗಳೂ ಸೋತವು. ಏನು ಕಾರಣ ಎಂದು ಹುಡುಕಿದ ಸಂಶೋಧಕರು 2006ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಮೂರೂ ಬಗೆಯ ವೈರಸ್ಸಿಗೆಂದು ಆಗ ಬಳಸುತ್ತಿದ್ದ ಲಸಿಕೆಯ ಒಂದು ಸಲದ ಹನಿ, ಒಂದನೇ ಬಗೆಯ ಪೋಲಿಯೊ ವಿರುದ್ಧ ದೇಶದ ಉಳಿದೆಡೆ ನೂರರಲ್ಲಿ 21ರಷ್ಟು ರಕ್ಷಣೆ ಕೊಡುತ್ತಿದ್ದರೆ ಉತ್ತರ ಪ್ರದೇಶದಲ್ಲಿ ಬರೀ 9ರಷ್ಟು ಕೊಡುತ್ತಿತ್ತು. ಕಿಕ್ಕಿರಿದ ವಸತಿ, ತೆರೆದ ಚರಂಡಿ, ಮತ್ತೆ ಮತ್ತೆ ಬರುವ ಭೇದಿ. ಇವುಗಳ ನಡುವೆ ಬೆಳೆಯುವ ಮಗುವಿನ ಕರುಳಿನಲ್ಲಿ ಹತ್ತಾರು ಬೇರೆ ರೋಗಾಣುಗಳು ಮೊದಲೇ ಬೀಡುಬಿಟ್ಟಿರುತ್ತವೆ. ಲಸಿಕೆಯ ದುರ್ಬಲ ವೈರಸ್ಸಿಗೆ ಅಲ್ಲಿ ನೆಲೆ ಸಿಗುವುದಿಲ್ಲ. ನಮ್ಮಲ್ಲಿ ಈ ಲಸಿಕೆ ಎಲ್ಲರ ಮೇಲೂ ಒಂದೇ ಸಮ ಕೆಲಸ ಮಾಡುತ್ತಿಲ್ಲ ಎಂದು ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ ಬಹಳ ಹಿಂದಿನಿಂದಲೇ ಹೇಳುತ್ತ ಬಂದಿದ್ದರು.

ಇದರರ್ಥವೇನು? ಮಗುವಿನ ಮೈಯಲ್ಲಿ ಹನಿ ಮತ್ತು ಚರಂಡಿ ಒಂದೇ ಲೆಕ್ಕಕ್ಕೆ ಸೇರಿದ್ದವು. ಸರ್ಕಾರದ ಕಡತಗಳಲ್ಲಿ ಅವು ಎರಡು ಇಲಾಖೆಗಳಾಗಿದ್ದವು. ಹನಿಯ ಇಲಾಖೆ ಚರಂಡಿಯ ಮಾತೆತ್ತಲಿಲ್ಲ, ಚರಂಡಿಯ ಇಲಾಖೆ ಆ ಗಲ್ಲಿಗೆ ಬರಲೇ ಇಲ್ಲ. ಇಬ್ಬರ ತಪ್ಪೂ ಸೇರಿ ಮೂರನೆಯವರಾದ ಮುಸ್ಲಿಮರ ತಲೆಗೆ ಕಟ್ಟಲ್ಪಟ್ಟಿತು.

ಮುಂದೆ ಏನಾಯಿತು ಎಂಬುದನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಕಲಿಯಬೇಕಾದದ್ದು ಅಲ್ಲಿದೆ. 2003ರ ಹೊತ್ತಿಗೆ ಯುನಿಸೆಫ್ ಮತ್ತು ಕೆಲವು ಸ್ವಯಂಸೇವಾ ಸಂಸ್ಥೆಗಳು ಸೇರಿ ಉತ್ತರ ಪ್ರದೇಶದಲ್ಲಿ ಸ್ಥಳೀಯ ಕಾರ್ಯಕರ್ತರ ಒಂದು ಜಾಲ ಕಟ್ಟಿದವು. ಒಬ್ಬೊಬ್ಬರಿಗೆ ಸುಮಾರು 500 ಮನೆಗಳ ಹೊಣೆ. ಹೆಚ್ಚಿನವರು ಅದೇ ಮೊಹಲ್ಲಾದ ಹೆಂಗಸರು. ಪರಗಂಡಸು ಹೊಸ್ತಿಲಾಚೆಯೇ ನಿಲ್ಲಬೇಕಿದ್ದ ಮನೆಗಳಲ್ಲಿ ಇವರು ಒಲೆಯ ಹತ್ತಿರ ಕುಳಿತು ಮಾತಾಡಬಲ್ಲವರು. ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾವ ಮನೆಯ ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಯಾರ ಮಗು ನಿನ್ನೆ ಹುಟ್ಟಿತು ಎಂಬುದೆಲ್ಲ ಇವರ ಪುಸ್ತಕದಲ್ಲಿರುತ್ತಿತ್ತು. ತಿಂಗಳಿಗೆ ಸುಮಾರು 5 ಲಕ್ಷ ಮಕ್ಕಳು ಹುಟ್ಟುವ ರಾಜ್ಯದಲ್ಲಿ ಆ ಪುಸ್ತಕದ ಬೆಲೆ ಏನೆಂದು ಊಹಿಸಬಹುದು. ಹನಿಯ ದಿನ ‘ಬುಲಾವಾ ಟೋಲಿ’ ಎಂಬ ಮಕ್ಕಳ ಗುಂಪುಗಳು ಗಲ್ಲಿಯಲ್ಲಿ ಕೂಗುತ್ತ ತಮ್ಮ, ತಂಗಿಯರನ್ನು ಬೂತಿಗೆ ಕರೆದುಕೊಂಡು ಹೋಗುತ್ತಿದ್ದವು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್‌ದರ್ದ್ ಕೈಜೋಡಿಸಿದವು. ಉಲಮಾಗಳು ಲಸಿಕೆಯ ಪರವಾಗಿ ಮನವಿ ಮಾಡಿದರು, ಮಸೀದಿಯ ಮೈಕಿನಲ್ಲಿ ಹನಿಯ ದಿನ ಸಾರಲಾಯಿತು.

ಇಷ್ಟೆಲ್ಲ ಆದರೂ ರೋಗ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. 2005ರಲ್ಲಿ 66ಕ್ಕೆ ಇಳಿದಿದ್ದ ಪ್ರಕರಣಗಳು 2006ರಲ್ಲಿ 676 ಆದವು, 2009ರಲ್ಲಿ 741. ಆ ವರ್ಷ ಜಗತ್ತಿನ ಬೇರಾವ ದೇಶದಲ್ಲೂ ಇಷ್ಟು ಮಕ್ಕಳಿಗೆ ಪೋಲಿಯೊ ಬರಲಿಲ್ಲ. ಮನವೊಲಿಕೆ ನಡೆದಿತ್ತು, ಬಾಗಿಲುಗಳು ಬಹುಪಾಲು ತೆರೆದಿದ್ದವು, ಆದರೂ ಮಕ್ಕಳು ಕುಂಟುತ್ತಿದ್ದರು. ಮುಸ್ಲಿಮರ ಮನಸ್ಸೇ ರೋಗದ ಮೂಲ ಎನ್ನುವವರು ಈ ಒಂದು ಅಂಕಿಗೆ ಉತ್ತರ ಹೇಳಲಿ.

2009ರಲ್ಲಿ ಕಾರ್ಯಕ್ರಮ ತನ್ನನ್ನು ತಾನೇ ತಿದ್ದಿಕೊಂಡಿತು. ವೈರಸ್ ಬಿಡದೆ ಬೀಡುಬಿಟ್ಟಿದ್ದ 107 ಬ್ಲಾಕ್‌ಗಳನ್ನು ಗುರುತಿಸಲಾಯಿತು. 66 ಪಶ್ಚಿಮ ಉತ್ತರ ಪ್ರದೇಶದಲ್ಲಿ, 41 ಬಿಹಾರದಲ್ಲಿ. ಬಿಹಾರದ ಆ ಬ್ಲಾಕ್‌ಗಳಲ್ಲಿ ಕೋಸಿ ನದಿ ವರ್ಷ ವರ್ಷ ಮುಳುಗಿಸುವ ಹಳ್ಳಿಗಳಿದ್ದವು, ಎಲ್ಲ ಜಾತಿ ಮತಗಳ ಬಡವರಿದ್ದರು ಎಂಬುದನ್ನು ಮರೆಯಬಾರದು. ಈ 107 ಬ್ಲಾಕ್‌ಗಳಲ್ಲಿ ಬರೀ ಹನಿಯ ಮಾತು ಸಾಲದು ಎಂದು ತೀರ್ಮಾನವಾಯಿತು. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಸಾಬೂನಿನಲ್ಲಿ ಕೈತೊಳೆಯುವುದು, ಭೇದಿಯಾದಾಗ ಓಆರ್‌ಎಸ್ ಮತ್ತು ಜಿಂಕ್ ಮಾತ್ರೆ, ಶುದ್ಧ ನೀರು, ಶೌಚಾಲಯ, ಉಳಿದೆಲ್ಲ ಚುಚ್ಚುಮದ್ದುಗಳು. ಇವೆಲ್ಲ ಹನಿಯ ಜೊತೆಗೆ ಸೇರಿದವು. ತಾಯಿ ಹತ್ತು ವರ್ಷದಿಂದ ಕೇಳುತ್ತಿದ್ದ ಪ್ರಶ್ನೆ ಕೊನೆಗೂ ಯೋಜನೆಯೊಳಗೆ ಬಂತು. 2010ರ ಜನವರಿಯಲ್ಲಿ ಎರಡು ಬಗೆಯ ವೈರಸ್ಸನ್ನು ಒಟ್ಟಿಗೆ ತಡೆಯುವ ಹೊಸ ಲಸಿಕೆಯೂ ಬಂತು. ಆ ವರ್ಷ ಪ್ರಕರಣಗಳು 42. 2011ರಲ್ಲಿ ಒಂದೇ ಒಂದು, ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಎರಡು ವರ್ಷದೊಳಗಿನ ಒಂದು ಹೆಣ್ಣುಮಗು. ಅಲ್ಲಿಗೆ ಮುಗಿಯಿತು.

ಈಗ ಜಗಳ ಶುರುವಾಗುತ್ತದೆ. ಗೆದ್ದದ್ದು ಹೊಸ ಲಸಿಕೆಯಿಂದ ಎಂದು ಒಂದು ಪಕ್ಷ. ಸಮುದಾಯದ ಜಾಲದಿಂದ, ಸಮಗ್ರ ದೃಷ್ಟಿಯಿಂದ ಎಂದು ಇನ್ನೊಂದು ಪಕ್ಷ. ನಮಗೆ ಅನುಕೂಲವಾದ ಪಕ್ಷ ಎರಡನೆಯದು. ಆದರೂ ಅದಕ್ಕೆ ಪೂರ್ತಿ ಕೈಯೆತ್ತಲು ಮನಸ್ಸು ಒಪ್ಪುವುದಿಲ್ಲ. ಪ್ರಕರಣಗಳು 741ರಿಂದ 42ಕ್ಕೆ ಬಿದ್ದ ವೇಗವನ್ನು ನೋಡಿದರೆ ಅದರಲ್ಲಿ ಹೊಸ ಲಸಿಕೆಯ ಕೈ ದೊಡ್ಡದು. ಒಂದು ವರ್ಷದಲ್ಲಿ ಯಾವ ಚರಂಡಿಯೂ ಅಷ್ಟು ಬದಲಾಗುವುದಿಲ್ಲ. ಆದರೆ ಆ ಲಸಿಕೆ ತಾನಾಗಿ ನಡೆದುಕೊಂಡು ಮಗುವಿನ ಬಾಯಿಗೆ ಹೋಗಲಿಲ್ಲ. ನಿನ್ನೆ ಹುಟ್ಟಿದ ಮಗುವಿನ ಹೆಸರು ಬರೆದಿಟ್ಟ ಪುಸ್ತಕವಿತ್ತು. ಇಟ್ಟಿಗೆ ಭಟ್ಟಿಗೆ ಗುಳೆ ಹೋದ ಕುಟುಂಬ ಎಲ್ಲಿದೆಯೆಂದು ತಿಳಿದ ಹೆಂಗಸಿದ್ದಳು. ಹತ್ತನೇ ಸಲ ಬಾಗಿಲು ತಟ್ಟಿದಾಗಲೂ ತಾಯಿ ಮುಖ ತಿರುಗಿಸದಿರಲು ಹಿಂದಿನ ವಾರ ಕೊಟ್ಟ ಓಆರ್‌ಎಸ್ ಪೊಟ್ಟಣವಿತ್ತು. ಒಳ್ಳೆಯ ಬೀಜ ಮತ್ತು ಹದಗೊಂಡ ನೆಲ ಒಟ್ಟಿಗೆ ಸಿಕ್ಕಾಗ ಬೆಳೆ ಬಂತು. ಬೀಜದಿಂದ ಬಂತೋ ನೆಲದಿಂದ ಬಂತೋ ಎಂದು ಪಂಚಾಯತಿ ಕೂರಿಸುವವನು ರೈತನಂತೂ ಅಲ್ಲ.

ಆದ್ದರಿಂದ ಮೌಲ್ಯಮಾಪನ ಮಾಡುವವರಿಗೆ ನಮ್ಮ ಪ್ರಶ್ನೆ ಬೇರೆ. ಈ ಹತ್ತು ವರ್ಷಗಳಲ್ಲಿ ನಿಜಕ್ಕೂ ಬದಲಾದವರು ಯಾರು? ಮೊರಾದಾಬಾದಿನ ತಾಯಿ 2002ರಲ್ಲೂ ತನ್ನ ಮಗು ನಡೆಯಲಿ ಎಂದೇ ಬಯಸಿದ್ದಳು, 2010ರಲ್ಲೂ ಅದನ್ನೇ ಬಯಸಿದಳು. ಬದಲಾದದ್ದು ಮುಖ್ಯವಾಗಿ ಕಾರ್ಯಕ್ರಮ. ಹೊರಗಿನ ಗಂಡಸಿನ ಬದಲು ಒಳಗಿನ ಹೆಂಗಸು ಬಂದಳು, ಕೆಲಸ ಮಾಡದ ಲಸಿಕೆಯ ಬದಲು ಕೆಲಸ ಮಾಡುವ ಲಸಿಕೆ ಬಂತು, ಒಂದು ರೋಗದ ಬದಲು ಇಡೀ ಮಗು ಕಣ್ಣಿಗೆ ಬಿತ್ತು. ಆದರೆ ಯಶಸ್ಸಿನ ವರದಿಗಳು ಎಷ್ಟು ‘ನಿರಾಕರಿಸುವ ಮನೆ’ಗಳು ‘ಒಪ್ಪುವ ಮನೆ’ಗಳಾದವು ಎಂದು ಎಣಿಸಿದವು. ಎಷ್ಟು ಸಲ ಕಾರ್ಯಕ್ರಮವು ಮನೆಯವರ ಮಾತಿಗೆ ಒಪ್ಪಿತು ಎಂದು ಎಣಿಸುವ ಕಾಲಂ ಎಷ್ಟು ನಮೂನೆಗಳಲ್ಲಿ ಇತ್ತು? ನಾವು ಕತೆ ಬರೆಯುವವರು. ಒಬ್ಬ ಏನು ಮಾಡಿದ ಎಂದಷ್ಟೇ ಬರೆದು, ಯಾಕೆ ಮಾಡಿದ ಎಂದು ಬಿಟ್ಟರೆ ಸಂಪಾದಕರು ಕತೆಯನ್ನು ಹಿಂದಕ್ಕೆ ಕಳಿಸುತ್ತಾರೆ. ಆರೋಗ್ಯ ಇಲಾಖೆಯ ವರದಿಗಳನ್ನು ಹಾಗೆ ಹಿಂದಕ್ಕೆ ಕಳಿಸುವವರು ಯಾರೂ ಇಲ್ಲ.

ನಂಬಿಕೆ ಎಂಬುದು ಮೆತ್ತನೆಯ ಮಾತು, ಅದನ್ನು ಅಳೆಯಲಾಗದು ಎನ್ನುವವರು ನೆರೆಯ ಪಾಕಿಸ್ತಾನವನ್ನು ನೋಡಬೇಕು. ಒಸಾಮ ಬಿನ್ ಲಾದೆನ್‌ನ ಅಡಗುತಾಣ ಪತ್ತೆಹಚ್ಚಲು ಅಮೆರಿಕದ ಸಿಐಎ ಅಬೋಟಾಬಾದಿನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನಾಟಕವಾಡಿಸಿದ್ದು 2011ರಲ್ಲಿ ಬಯಲಾಯಿತು. ಮರುವರ್ಷ ವಜೀರಿಸ್ತಾನದಲ್ಲಿ ತಾಲಿಬಾನ್ ಪೋಲಿಯೊ ಹನಿಯನ್ನೇ ನಿಷೇಧಿಸಿತು. ಡಿಸೆಂಬರಿನಲ್ಲಿ ಕರಾಚಿ, ಪೇಶಾವರಗಳಲ್ಲಿ ಹನಿ ಹಾಕಲು ಹೋದ ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದರು. ಕೊಂದವರ ಪಾಪಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಅವರ ಕೈಗೆ ನೆಪ ಕೊಟ್ಟವರ ಪಾಪವೂ ಸಣ್ಣದಲ್ಲ. ಇನ್ನುಮುಂದೆ ಲಸಿಕೆಯ ಕಾರ್ಯಕ್ರಮವನ್ನು ಗೂಢಚರ್ಯೆಗೆ ಬಳಸುವುದಿಲ್ಲ ಎಂದು ಅಮೆರಿಕ ಮಾತು ಕೊಟ್ಟದ್ದು 2014ರಲ್ಲಿ. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಮೂಲ ಪೋಲಿಯೊ ವೈರಸ್ ಇನ್ನೂ ಬೇರುಬಿಟ್ಟಿರುವುದು ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲೇ. ಅದೇ ಹನಿ, ಹೆಚ್ಚುಕಡಿಮೆ ಅದೇ ಬಡತನ; ನಂಬಿಕೆ ಮುರಿದಾಗ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ.

‘ಯಾಕೆ’ ಎಂಬುದನ್ನು ಕೇಳದೆ ‘ಏನು’ ಎಂಬುದನ್ನಷ್ಟೇ ನಕಲು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆಯಿದೆ. 1985ರಿಂದ ಸುಮಾರು ಐದು ವರ್ಷ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಮಾನಸಿಕ ರೋಗಿಯನ್ನು ಬೆಂಗಳೂರಿಗೆ ಕರೆಸುವ ಬದಲು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಸಹಾಯಕಿಯರಿಗೇ ತರಬೇತಿ ಕೊಟ್ಟು, ಔಷಧಿ ಅಲ್ಲೇ ಸಿಗುವಂತೆ ಮಾಡಿ, ಜ್ವರ ಕೆಮ್ಮಿನ ಜೊತೆಗೇ ಮೂರ್ಛೆರೋಗ, ಮನೋರೋಗಗಳನ್ನೂ ನೋಡುವ ಏರ್ಪಾಡು. ಅದು ಫಲ ಕೊಟ್ಟಿತು. 1996ರಲ್ಲಿ ಅದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹೋಯಿತು. ಹೋದದ್ದು ನಕ್ಷೆ. ಹೊಸದಾಗಿ ಕಲಿತ ಡಾಕ್ಟರಿಗೆ ಅನುಮಾನ ಬಂದಾಗ ಕೇಳಲು ಒಬ್ಬರಿರಬೇಕು, ಔಷಧಿ ತಪ್ಪದೆ ಬರಬೇಕು, ಮೇಲಿನವರು ತಿಂಗಳಿಗೊಮ್ಮೆಯಾದರೂ ಬಂದು ಜೊತೆಗೆ ಕುಳಿತು ನೋಡಬೇಕು. ಬಳ್ಳಾರಿಯಲ್ಲಿ ಯಶಸ್ಸಿನ ಜೀವ ಇದ್ದದ್ದು ಇಲ್ಲಿ. ಎಷ್ಟೋ ಜಿಲ್ಲೆಗಳಲ್ಲಿ ಹುದ್ದೆಗಳು ತುಂಬಲಿಲ್ಲ, ಬಂದ ಹಣ ಖರ್ಚಾಗಲಿಲ್ಲ. ನಕ್ಷೆಯ ಪ್ರಕಾರ ಎಲ್ಲ ಸರಿಯಾಗಿತ್ತು.

ಈಗಂತೂ ‘ಸಮಗ್ರ’ ಎಂಬ ಶಬ್ದಕ್ಕೆ ಇನ್ನೊಂದು ಅರ್ಥ ಬಂದುಬಿಟ್ಟಿದೆ. ಹತ್ತು ಕಾರ್ಯಕ್ರಮಗಳನ್ನು ಒಬ್ಬಳೇ ಆಶಾ ಕಾರ್ಯಕರ್ತೆಯ ಚೀಲಕ್ಕೆ ತುಂಬುವುದೇ ಸಮಗ್ರತೆ. ಬಾಣಂತಿ ಅವಳದು, ಕ್ಷಯ ಅವಳದು, ಡೆಂಗಿಯ ನೀರಿನ ತೊಟ್ಟಿ ಅವಳದು, ಸಮೀಕ್ಷೆ ಅವಳದು, ಮೊಬೈಲಿನಲ್ಲಿ ಅಂಕಿ ತುಂಬುವುದೂ ಅವಳದೇ. ಅವಳು ಕೇಳುವ ಗೌರವಧನಕ್ಕೆ ಮಾತ್ರ ಯಾವ ಇಲಾಖೆಯೂ ವಾರಸುದಾರನಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಹಗಲೂ ರಾತ್ರಿ ಧರಣಿ ಕುಳಿತದ್ದನ್ನು ನಾಡು ನೋಡಿದೆ. ಕೆಲಸಗಳನ್ನು ಒಂದರ ಮೇಲೊಂದು ಹೇರುವುದು ಜೋಡಣೆಯಲ್ಲ. ಮನೆಯವರ ತೊಂದರೆಗಳು ಒಂದಕ್ಕೊಂದು ಎಲ್ಲಿ ಗಂಟುಬಿದ್ದಿವೆಯೋ ಅಲ್ಲಿ ಇಲಾಖೆಗಳು ಗಂಟುಬೀಳಬೇಕು. 107 ಬ್ಲಾಕ್‌ಗಳಲ್ಲಿ ಕೈತೊಳೆಯುವ ಪಾಠ ಹನಿಯ ಜೊತೆ ಸೇರಿದ್ದು ಎರಡೂ ಒಂದೇ ಕರುಳಿಗೆ ಸಂಬಂಧಪಟ್ಟದ್ದರಿಂದ. ಯಾರೋ ಸಂಬಳ ಉಳಿಸಲು ಹೊರಟದ್ದರಿಂದಲ್ಲ.

ಪೋಲಿಯೊ ಹೋಯಿತು. ಜೊತೆಗೆ ಬೇರೆ ಯಾವುದು ಹೋಯಿತು ಎಂಬುದನ್ನೂ ಹೇಳಬೇಕು. 2014ರ ಪ್ರಮಾಣಪತ್ರದ ನಂತರ ಆ ಜಾಲವನ್ನು ಹಂತಹಂತವಾಗಿ ಕುಗ್ಗಿಸಲಾಯಿತು. ಐನೂರು ಐನೂರು ಮನೆಗಳ ಮಗ್ಗುಲು ತಿಳಿದಿದ್ದ ಹೆಂಗಸರಲ್ಲಿ ಬಹಳ ಮಂದಿಗೆ ಕೆಲಸ ಮುಗಿಯಿತು. ವೈರಸ್ಸಿನ ಭಯವಿದ್ದಷ್ಟು ದಿನ ಬೇಕಾಗಿದ್ದ ಮೊಹಲ್ಲಾ, ವೈರಸ್ ಹೋದ ಮೇಲೆ ಬೇಡವಾಯಿತು. ಹಾಗಾದರೆ ಆಗಲೂ ಬಂದದ್ದು ಮಗುವಿಗಾಗಿಯೋ, ಪ್ರಮಾಣಪತ್ರಕ್ಕಾಗಿಯೋ? 2002ರ ಆ ತಾಯಿಯ ಅನುಮಾನಕ್ಕೆ ನಾವೇ ಕೈಯಾರೆ ಪುರಾವೆ ಒದಗಿಸಿದಂತಾಗಲಿಲ್ಲವೆ?

ಫಲ ಕಾಣಲು ತಡವಾಗಲಿಲ್ಲ. 2020ರ ಏಪ್ರಿಲಿನಲ್ಲಿ ಕೊರೊನಾ ಕಾಲದಲ್ಲಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಮಾಹಿತಿ ಕೇಳಲು ಹೋದ ಆಶಾ ಕಾರ್ಯಕರ್ತೆಯ ಮೇಲೆ ನಮ್ಮವರೇ ಕೈಮಾಡಿದರು. ಅದೇ ತಿಂಗಳು ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ವಿರುದ್ಧ ದಾಂಧಲೆಯಾಯಿತು. ನಾಚಿಕೆಯಿಂದ ತಲೆತಗ್ಗಿಸಬೇಕಾದ ಕೃತ್ಯಗಳಿವು, ಇದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹಿಂದಿನ ನಾಲ್ಕು ತಿಂಗಳು ದೇಶದಲ್ಲಿ ಪೌರತ್ವದ ಚರ್ಚೆ ಬೆಂಕಿಯಂತೆ ಉರಿಯುತ್ತಿತ್ತು, ಏಪ್ರಿಲಿನಲ್ಲೇ ಜನಸಂಖ್ಯಾ ನೋಂದಣಿ ಶುರುವಾಗಬೇಕಿತ್ತು, ಟಿವಿಗಳು ರೋಗಕ್ಕೇ ಟೋಪಿ ತೊಡಿಸಿದ್ದವು. ಅಂಥ ದಿನಗಳಲ್ಲಿ ಗುರುತಿಲ್ಲದ ಕೈಯಲ್ಲಿ ಹೆಸರು ಬರೆಯುವ ಕಾಗದ ಕಂಡರೆ ಗಲ್ಲಿ ಬೆಚ್ಚುತ್ತದೆ ಎಂದು ಊಹಿಸಲು ದೊಡ್ಡ ಪಾಂಡಿತ್ಯ ಬೇಕಿರಲಿಲ್ಲ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಹತ್ತು ವರ್ಷ ಬೆಲೆ ತೆತ್ತು ಕಲಿತ ಪಾಠ ಹತ್ತು ವರ್ಷದೊಳಗೆ ಮರೆತುಹೋಗಿತ್ತು. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯ ಜೋಪಡಿಗಳಲ್ಲಿ ದಡಾರ ಎದ್ದು ಹಲವು ಮಕ್ಕಳು ಸತ್ತರು. ಅಲ್ಲೂ ಅದೇ ಚಿತ್ರ: ಕಿಕ್ಕಿರಿದ ಖೋಲಿ, ಅಪೌಷ್ಟಿಕ ಮಗು, ತಪ್ಪಿದ ಲಸಿಕೆ. ಅಲ್ಲೂ ಅದೇ ಮಾತು: ‘ಈ ಜನ ಲಸಿಕೆ ಹಾಕಿಸುವುದಿಲ್ಲ’.

ಸರ್ಕಾರಕ್ಕೆ ಇಷ್ಟು ಹೇಳಿದ ಮೇಲೆ ನಮಗೆ ನಾವೇ ಏನು ಹೇಳಿಕೊಳ್ಳುತ್ತೇವೆ? ಮಸೀದಿಯ ಮೈಕಿನಲ್ಲಿ ಹನಿಯ ದಿನ ಸಾರಿದ್ದು ಒಳ್ಳೆಯ ಕೆಲಸ. ಆದರೆ ಮೈಕನ್ನು ಎರವಲು ಕೊಟ್ಟು ಸುಮ್ಮನಾಗುವುದು ಭಾಗವಹಿಸುವಿಕೆಯಲ್ಲ. ಹಳ್ಳಿಗಳಲ್ಲಿ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯಿದೆ, ಆರೋಗ್ಯ ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿಯಿದೆ, ಪಟ್ಟಣದ ಬಡ ಬಡಾವಣೆಗಳಿಗೆ ಮಹಿಳಾ ಆರೋಗ್ಯ ಸಮಿತಿಯೆಂಬ ಏರ್ಪಾಡಿದೆ. ನಮ್ಮ ಜಮಾಅತ್ ಕಮಿಟಿಗಳಲ್ಲಿ ಎಷ್ಟು ಮಂದಿ ಈ ಹೆಸರುಗಳನ್ನಾದರೂ ಕೇಳಿದ್ದಾರೆ? ಶಾದಿಮಹಲಿಗೆ ಕಲ್ಲು ಹಾಸಿಸಲು ಓಡಾಡುವ ನಮ್ಮ ಹಿರಿಯರು ಅಂಗನವಾಡಿಯ ಮುಂದಿನ ಚರಂಡಿಗಾಗಿ ಒಂದು ಅರ್ಜಿ ಬರೆದದ್ದುಂಟೆ? ಗೆದ್ದ ಆ ಕಾರ್ಯಕ್ರಮದ ಬೆನ್ನೆಲುಬು ಹೆಂಗಸರು. ನಮ್ಮ ಕಮಿಟಿಯ ಕೋಣೆಗಳಲ್ಲಿ ಹೆಂಗಸರಿಗೆ ಇನ್ನೂ ಚಾಪೆ ಹಾಸಿಲ್ಲ. ಭೇದಿಯಿಂದ ಬಳಲಿದ ಮಗುವನ್ನು ಹೊತ್ತು ಅಲೆದವರ ಬಾಯಿಂದ ಬಾರದ ಬೇಡಿಕೆ, ಪಟ್ಟಿಯಲ್ಲಿ ಇರುವುದಾದರೂ ಹೇಗೆ?

ನಾವು ಕೇಳುವುದು ದೊಡ್ಡದೇನಲ್ಲ. ಆರೋಗ್ಯ ಇಲಾಖೆಯವರು ಮನೆಗೆ ಬಂದಾಗ ತಾವು ಏನು ತಂದಿದ್ದೇವೆ ಎಂಬುದನ್ನು ಹೇಳುವ ಜೊತೆಗೆ ನಿಮಗೇನು ಬೇಕಾಗಿದೆ ಎಂದೂ ಕೇಳಲಿ, ಕೇಳಿದ್ದನ್ನು ಬರೆದುಕೊಳ್ಳಲಿ, ಬರೆದುಕೊಂಡದ್ದಕ್ಕೆ ಏನಾಯಿತು ಎಂದು ಮುಂದಿನ ಸಲ ಬಂದಾಗ ಹೇಳಲಿ. ವರ್ಷದ ಕೊನೆಗೆ ಯಶಸ್ಸನ್ನು ಅಳೆಯುವಾಗ ಈ ಮೂರನ್ನೂ ಲೆಕ್ಕಕ್ಕೆ ಹಿಡಿಯಲಿ. ಜಮಾಅತ್‌ನವರು ಆ ಬೇಡಿಕೆಯ ಬೆನ್ನುಹತ್ತಲಿ, ಹೆಂಗಸರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲಲಿ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವ ಕೈ ಇನ್ನು ಮುಂದೆಯೂ ಬರುತ್ತದೆ, ಬರಬೇಕು ಕೂಡ. ‘ಎಕ್ಸ್’ ಎಂದು ಬರೆಯುವ ಮೊದಲು ಅದು ಒಳಗಿನವರನ್ನು ಒಂದು ಸಲ ‘ಯಾಕಮ್ಮಾ?’ ಎಂದು ಕೇಳಿ, ಉತ್ತರ ಬರುವವರೆಗೆ ಹೊಸ್ತಿಲಲ್ಲಿ ನಿಲ್ಲಲಿ.